ಎಂಟು ಆಸನ, ಆರು ಊರು: ನೀಸ್‌ನಿಂದ ಹೊರಟ ಒಂದು ದಿನದ ಪ್ರವಾಸದ ಪ್ರಕರಣ ಅಧ್ಯಯನ

ದಕ್ಷಿಣ ಫ್ರಾನ್ಸಿನ ನೀಸ್ ನಗರದಿಂದ ಬೆಳಿಗ್ಗೆ ಹೊರಟು ಸಂಜೆ ಮರಳುವ ಸಣ್ಣ ಗುಂಪಿನ ಪ್ರವಾಸಗಳಲ್ಲಿ ಹೆಚ್ಚಿನವು ಒಂದೇ ಭರವಸೆಯನ್ನು ಮಾರುತ್ತವೆ: ಮೆಡಿಟರೇನಿಯನ್ ಕಡಲ ತೀರದ ಪ್ರಸಿದ್ಧ ಊರುಗಳನ್ನೂ ಅವುಗಳ ಹಿಂದಿನ ಬೆಟ್ಟಗಳ ನೆತ್ತಿಯ ಮೇಲಿರುವ ಹಳೆಯ ಹಳ್ಳಿಗಳನ್ನೂ ಒಂದೇ ದಿನದಲ್ಲಿ ತೋರಿಸುತ್ತೇವೆ ಎಂಬುದು. ಇಲ್ಲಿ ಪರಿಶೀಲಿಸುತ್ತಿರುವುದು ಅಂಥದ್ದೊಂದು ಪ್ರವಾಸವನ್ನು. ಜೂನ್ ತಿಂಗಳ ಒಂದು ವಾರದ ದಿನ ನಡೆದ ಈ ಪ್ರವಾಸದ ಪಟ್ಟಿಯಲ್ಲಿ ಎಜ್, ಲಾ ಟುರ್ಬಿ, ಮೊನಾಕೊ, ಸೇಂಟ್ ಪಾಲ್ ದ ವಾನ್ಸ್, ಆಂಟೀಬ್, ಕಾನ್ ಎಂಬ ಆರು ಹೆಸರುಗಳಿದ್ದವು. ವ್ಯಾನು ಐದನ್ನು ಮುಟ್ಟಿ, ಆರನೆಯದನ್ನು ಬಿಟ್ಟು ಹಿಂದಿರುಗಿತು. ಪ್ರಯಾಣಿಕರಲ್ಲಿ ಇಬ್ಬರಿಗೆ ಇದರಿಂದ ಅಸಮಾಧಾನವಾಯಿತು, ಉಳಿದವರಿಗೆ ಸಮಾಧಾನವೇ ಆಯಿತು. ಆ ನಿರ್ಧಾರ ಸರಿಯಿತ್ತೇ ಎಂಬುದು ಮೇಲ್ನೋಟದ ಪ್ರಶ್ನೆ. ಬಿಟ್ಟುಹೋದ ಆ ಊರು ಮೊದಲೇ ವ್ಯಾನಿನ ಪಟ್ಟಿಯಲ್ಲಿ ಇರಬೇಕಿತ್ತೇ ಎಂಬುದು ಅದಕ್ಕಿಂತ ಮುಖ್ಯವಾದ ಪ್ರಶ್ನೆಯೆಂದು ನನಗೆ ತೋರುತ್ತದೆ.

ವ್ಯಾನಿನಲ್ಲಿ ಎಂಟು ಮಂದಿ ಪ್ರಯಾಣಿಕರಿದ್ದೆವು. ಶಿವಮೊಗ್ಗದಿಂದ ಬಂದಿದ್ದ, ಎಪ್ಪತ್ತರ ಹತ್ತಿರದ ನಿವೃತ್ತ ಅಧ್ಯಾಪಕ ದಂಪತಿಗಳು, ಬ್ರೆಜಿಲ್‌ನ ಇಬ್ಬರು ಅಕ್ಕತಂಗಿಯರು, ಕೆನಡಾದ ಒಂದು ಜೋಡಿ, ಜಪಾನಿನ ಒಬ್ಬ ವಿದ್ಯಾರ್ಥಿ, ಎಂಟನೆಯವನು ನಾನು. ಶಿವಮೊಗ್ಗದ ದಂಪತಿಗಳ ಮಗ ಆಂಟೀಬ್ ಹಿಂಬದಿಯ ಸೋಫಿಯಾ ಆಂಟಿಪೊಲಿಸ್ ಎಂಬ ತಂತ್ರಜ್ಞಾನ ನಗರಿಯಲ್ಲಿ ಎಂಜಿನಿಯರ್. ಬೆಂಗಳೂರಿನಿಂದ ಅಲ್ಲಿಗೆ ಹೋಗಿ ನೆಲೆಸಿದ ಕನ್ನಡಿಗರು ಅಪರೂಪವೇನಲ್ಲ. ರಜೆ ಸಿಗದ ಮಗ ತಂದೆತಾಯಿಗೆ ಈ ಪ್ರವಾಸವನ್ನು ಕಾದಿರಿಸಿ, ಬೆಳಿಗ್ಗೆ ಕೆಲಸಕ್ಕೆ ಹೋಗಿದ್ದ. ಆ ತಂತ್ರಜ್ಞಾನ ನಗರಿಯೇ ಸಂಜೆಯ ಹೊತ್ತಿಗೆ ನಮ್ಮ ದಾರಿಗೆ ಅಡ್ಡ ಬರುವುದಿತ್ತು. ಆ ಮಾತು ಮುಂದೆ ಬರುತ್ತದೆ.

ಎಂಟು ಎಂಬ ಸಂಖ್ಯೆ ಆತ್ಮೀಯತೆಗಾಗಿ ಆರಿಸಿದ್ದೆಂದು ಜಾಹೀರಾತುಗಳು ಹೇಳುತ್ತವೆ. ವಾಸ್ತವದಲ್ಲಿ ಅದು ಪರವಾನಗಿಯ ಸಂಖ್ಯೆ. ಯುರೋಪಿನ ಸಾಮಾನ್ಯ ಬಿ ದರ್ಜೆಯ ಪರವಾನಗಿಯಲ್ಲಿ ಚಾಲಕನನ್ನು ಬಿಟ್ಟು ಎಂಟು ಜನರನ್ನು ಮಾತ್ರ ಕೂರಿಸಿಕೊಳ್ಳಬಹುದು. ಒಂಬತ್ತನೆಯ ಪ್ರಯಾಣಿಕ ಬಂದರೆ ಬಸ್ಸಿನ ಪರವಾನಗಿ ಬೇಕು. ಬಸ್ಸಾದರೆ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷದ ಕಡ್ಡಾಯ ವಿಶ್ರಾಂತಿಯಂಥ ನಿಯಮಗಳೂ ಹಿಂಬಾಲಿಸಿ ಬರುತ್ತವೆ. ಇನ್ನೊಂದು ನಿಯಮವೂ ದಿನದ ಆಕಾರವನ್ನು ತಿದ್ದುತ್ತದೆ. ಫ್ರಾನ್ಸಿನ ಮ್ಯೂಸಿಯಂಗಳಲ್ಲಿ, ಐತಿಹಾಸಿಕ ಸ್ಮಾರಕಗಳಲ್ಲಿ ಪ್ರವಾಸಿ ಗುಂಪಿಗೆ ವಿವರಣೆ ಕೊಡಲು ಪ್ರತ್ಯೇಕ ವೃತ್ತಿಪರ ಚೀಟಿಯಿರುವ ಮಾರ್ಗದರ್ಶಿ ಬೇಕು. ಆದ್ದರಿಂದ ಚಾಲಕನೇ ಮಾರ್ಗದರ್ಶಿಯೂ ಆಗಿರುವ ಇಂಥ ಪ್ರವಾಸಗಳಲ್ಲಿ ಮಾತೆಲ್ಲ ವ್ಯಾನಿನೊಳಗೆ ನಡೆಯುತ್ತದೆ. ಊರು ಬಂದಾಗ ‘ಮುಕ್ಕಾಲು ಗಂಟೆ ಬಿಡುವು, ಇಂಥ ಕಡೆ ಸೇರಿ’ ಎಂದು ಹೇಳಿ ಇಳಿಸಲಾಗುತ್ತದೆ. ಹಣ ಕೊಟ್ಟವನಿಗೆ ಮಾರ್ಗದರ್ಶನ ಸಿಗುವುದು ದಾರಿಯಲ್ಲಿ, ಊರಿನಲ್ಲಲ್ಲ. ಇದು ಲೋಪವೇನಲ್ಲ. ಆದರೆ ದಾರಿಯೇ ಚೆನ್ನಾಗಿರದ ಕಡೆ ಇಂಥ ಪ್ರವಾಸದಲ್ಲಿ ಉಳಿಯುವುದು ಬಹಳ ಕಡಿಮೆ.

ಆ ಸೀಮೆಯ ಊರುಗಳು ಎರಡು ಜಾತಿಯವು. ಬೆಟ್ಟದ ಹಳ್ಳಿಗಳು ಜನ ಸುಲಭವಾಗಿ ತಲುಪಬಾರದೆಂದೇ ಕಟ್ಟಿದವು: ಕಡಲಿನಿಂದ ದಾಳಿ ಬರುತ್ತಿದ್ದ ಶತಮಾನಗಳಲ್ಲಿ ತೀರ ಬಿಟ್ಟು ಮೇಲೆ ಹತ್ತಿದ ಜನ, ಬಂಡೆಗೆ ಅಂಟಿಕೊಂಡಂತೆ ಮನೆ ಕಟ್ಟಿ, ಹೊರಗೋಡೆಗಳನ್ನೇ ಕೋಟೆಯಾಗಿಸಿಕೊಂಡರು. 1543ರಷ್ಟು ಈಚೆಗೂ ನೀಸ್ ನಗರವನ್ನು ಫ್ರೆಂಚ್ ದೊರೆಯ ಸೈನ್ಯ ಮತ್ತು ಬಾರ್ಬರೋಸನ ಆಟೊಮನ್ ನೌಕಾಪಡೆ ಸೇರಿ ಮುತ್ತಿದ್ದವು. ಈಗ ನಾವು ಕಾಣುವ ಕಡಲ ಊರುಗಳ ಕತೆ ಇದಕ್ಕೆ ತಿರುಗುಮುರುಗು. ಅವು ಬೆಳೆದದ್ದೇ ಜನ ಸುಲಭವಾಗಿ ಬಂದಿಳಿಯುವಂತಾದ ಮೇಲೆ. 1834ರಲ್ಲಿ ಬ್ರಿಟನ್ನಿನ ಲಾರ್ಡ್ ಬ್ರೂಮ್ ಕಾನ್‌ನಲ್ಲಿ ತಂಗಿ, ಮನೆ ಕಟ್ಟಿಸಿಕೊಳ್ಳುವವರೆಗೆ ಅದು ಬೆಸ್ತರ ಸಣ್ಣ ಊರು. 1864ರಲ್ಲಿ ರೈಲು ನೀಸ್ ತಲುಪಿತು, 1868ರಲ್ಲಿ ಮೊನಾಕೊ ಮುಟ್ಟಿತು. ಚಳಿಗಾಲ ಕಳೆಯಲು ಬರುವ ಶ್ರೀಮಂತರ ಹಿಂಡೇ ಅದರ ಜೊತೆ ಬಂತು. ನೀಸ್‌ಗೆ 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಮನ್ನಣೆ ಸಿಕ್ಕಿದ್ದು ಸಹ ಚಳಿಗಾಲದ ವಿಹಾರ ನಗರವೆಂದೇ. ಇಂದಿಗೂ ಕಾನ್, ಆಂಟೀಬ್, ನೀಸ್, ಮೊನಾಕೊ ನಾಲ್ಕೂ ಒಂದೇ ರೈಲು ಹಳಿಯ ಮೇಲಿವೆ. ಎಜ್ ಹೆಸರಿನ ನಿಲ್ದಾಣವೂ ಆ ಹಳಿಯ ಮೇಲಿದೆ. ಆದರೆ ಅದು ಕಡಲಂಚಿನ ಎಜ್. ಅಲ್ಲಿಂದ ಹಳ್ಳಿಗೆ ಹೋಗಬೇಕಾದರೆ ಸುಮಾರು 400 ಮೀಟರ್ ಎತ್ತರವನ್ನು ಕಲ್ಲುದಾರಿಯಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ಏರಬೇಕು. 1880ರ ದಶಕದಲ್ಲಿ ನೀಸ್‌ನಲ್ಲಿ ಚಳಿಗಾಲಗಳನ್ನು ಕಳೆದ ತತ್ತ್ವಜ್ಞಾನಿ ನೀಚೆ ಆ ಏರುದಾರಿಯಲ್ಲಿ ನಡೆಯುತ್ತಿದ್ದುದರಿಂದ ಅದಕ್ಕೆ ಅವನದೇ ಹೆಸರು ನಿಂತಿದೆ.

ಹೊರಡುವ ಹೊತ್ತಿನಿಂದಲೇ ಲೆಕ್ಕ ತಪ್ಪತೊಡಗಿತ್ತು. ಎಂಟೂವರೆಗೆ ಮೊದಲ ಹೋಟೆಲಿನ ಮುಂದೆ ನಿಂತ ವ್ಯಾನು ಎಲ್ಲರನ್ನೂ ಹತ್ತಿಸಿಕೊಂಡು ನಗರ ಬಿಟ್ಟಾಗ ಒಂಬತ್ತೂಕಾಲು. ಮೋಂಟ್ ಬೊರೋನ್ ಗುಡ್ಡದಿಂದ ವಿಲ್‌ಫ್ರಾಂಶ್ ಕೊಲ್ಲಿಯನ್ನು ನೋಡಲು ಹತ್ತು ನಿಮಿಷ. ಅಲ್ಲಿಂದ ಮುಂದಕ್ಕೆ ದಾರಿ ಮೂರು ಕವಲಾಗುತ್ತದೆ. ನೀಸ್‌ನಿಂದ ಪೂರ್ವಕ್ಕೆ ಬೆಟ್ಟದ ಮಗ್ಗುಲಿನಲ್ಲಿ ಒಂದರ ಮೇಲೊಂದು ಸಾಗುವ ಮೂರು ರಸ್ತೆಗಳಿವೆ, ಮೂರಕ್ಕೂ ಕಾರ್ನಿಷ್ ಎಂದೇ ಹೆಸರು: ಕೆಳಗಿನದು ಕಡಲ ಮಟ್ಟದಲ್ಲಿ ಊರುಗಳನ್ನು ಪೋಣಿಸುತ್ತ ಹೋಗುತ್ತದೆ; ನಡುವಿನದು ಇಪ್ಪತ್ತನೆಯ ಶತಮಾನದ್ದು, ಸುರಂಗಗಳನ್ನು ಹೊಕ್ಕು ಎಜ್ ಹಳ್ಳಿಯ ಬುಡವನ್ನು ಮುಟ್ಟುತ್ತದೆ; ಮೇಲಿನದು ನೆಪೋಲಿಯನ್ ಕಾಲದಲ್ಲಿ ಹಳೆಯ ರೋಮನ್ ದಾರಿಯ ಜಾಡಿನಲ್ಲಿ ಮಾಡಿಸಿದ್ದು, 500 ಮೀಟರಿಗೂ ಎತ್ತರಕ್ಕೆ ಏರುತ್ತದೆ. ನಮ್ಮ ಚಾಲಕ ನಡುವಿನ ದಾರಿ ಹಿಡಿದು ಎಜ್‌ಗೆ ಹೋಗಿ, ಅಲ್ಲಿಂದ ಮೇಲಿನ ದಾರಿಗೆ ಹತ್ತಿ ಲಾ ಟುರ್ಬಿ ಸೇರಿ, ಮತ್ತೆ ತಿರುವುಗಳಲ್ಲಿ ಇಳಿದು ಮೊನಾಕೊ ತಲುಪುವ ಕ್ರಮ ಇಟ್ಟುಕೊಂಡಿದ್ದ. ಕಡಲು ಒಮ್ಮೆ ಬಲಗಡೆ ಪಾತಾಳದಲ್ಲಿ ಕಾಣುತ್ತದೆ, ಒಮ್ಮೆ ಸುರಂಗದಾಚೆ ಎದುರಿಗೇ ಬಂದು ನಿಲ್ಲುತ್ತದೆ, ಒಮ್ಮೆ ಪೂರಾ ಮರೆಯಾಗಿ ಸುಣ್ಣಕಲ್ಲಿನ ಬೋಳು ಗುಡ್ಡ ಮಾತ್ರ ಉಳಿಯುತ್ತದೆ. ಇಡೀ ದಿನದ ಅತ್ಯುತ್ತಮ ಭಾಗ ಈ ಎರಡು ಗಂಟೆ ಎಂಬುದರಲ್ಲಿ ವ್ಯಾನಿನಲ್ಲಿದ್ದ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ಎಜ್ ಹಳ್ಳಿಯೊಳಕ್ಕೆ ವಾಹನವಿಲ್ಲ, ಲಿಫ್ಟ್ ಇಲ್ಲ, ಸಪಾಟಾದ ನೆಲ ಎಂಬುದೂ ಹೆಚ್ಚುಕಡಿಮೆ ಇಲ್ಲ. ನಿಲುಗಡೆಯಿಂದ ಕೋಟೆಯ ಬಾಗಿಲಿಗೆ ಒಂದು ಏರು. ಒಳಗೆ, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಿ ನಿಲ್ಲಬೇಕಾದಷ್ಟು ಕಿರಿದಾದ ಓಣಿಗಳು. ಓಣಿಯ ಮೆಟ್ಟಿಲುಗಳ ಕಲ್ಲು ಶತಮಾನಗಳ ಕಾಲ್ತುಳಿತಕ್ಕೆ ನುಣುಪಾಗಿ, ಒಣಗಿದ್ದಾಗಲೂ ಚಪ್ಪಲಿ ಜಾರುವಂತಿರುತ್ತದೆ. ಬೆಟ್ಟದ ತುದಿಯಲ್ಲಿದ್ದ ಕೋಟೆಮನೆಯನ್ನು 1706ರಲ್ಲಿ ಹದಿನಾಲ್ಕನೆಯ ಲೂಯಿ ಕೆಡವಿಸಿದ. ಉಳಿದ ಗೋಡೆಗಳ ಸುತ್ತ ಎರಡನೆಯ ಮಹಾಯುದ್ಧದ ನಂತರ ಕಳ್ಳಿ ಗಿಡಗಳ ತೋಟ ಎಬ್ಬಿಸಿದ್ದಾರೆ. ಟಿಕೆಟ್ ಕೊಂಡು ಅಲ್ಲಿಗೆ ಹತ್ತಿದವರಿಗೆ 429 ಮೀಟರ್ ಎತ್ತರದಿಂದ ತೀರವೆಲ್ಲ ಕಾಣುತ್ತದೆ. ಶಿವಮೊಗ್ಗದ ಅಮ್ಮ ಅರ್ಧ ಏರಿದ ಮೇಲೆ ಮಂಡಿ ಹಿಡಿದು ನಿಂತರು. ಹದಿನೆಂಟನೆಯ ಶತಮಾನದ ಚರ್ಚಿನ ತಂಪಿನಲ್ಲಿ ಬೆಂಚಿನ ಮೇಲೆ ಕುಳಿತು, ಉಪದೇಶ ಪೀಠದ ಮಗ್ಗುಲಿಂದ ಶಿಲುಬೆ ಹಿಡಿದು ಹೊರಚಾಚಿದ ಮರದ ಕೈಯನ್ನು ಬಹಳ ಹೊತ್ತು ನೋಡಿದರು. ಯಜಮಾನರು ತೋಟದವರೆಗೂ ಹೋಗಿ ಬಂದರು. ಏರು ಇಷ್ಟಿದೆ, ಮೆಟ್ಟಿಲು ಹೀಗಿದೆ ಎಂದು ಕಾದಿರಿಸುವ ಪುಟದಲ್ಲಿ ಸ್ಪಷ್ಟವಾಗಿ ಬರೆದಿರಲಿಲ್ಲ. ‘ಸ್ವಲ್ಪ ನಡಿಗೆ’ ಎಂದಷ್ಟೇ ಇತ್ತು. ಹಿರಿಯರನ್ನು ಕಳಿಸುವವರು ಇದನ್ನು ಕೇಳಿ ತಿಳಿದುಕೊಳ್ಳಲೇಬೇಕು.

ಹಳ್ಳಿಯ ಬುಡದಲ್ಲಿರುವ ಸುಗಂಧ ದ್ರವ್ಯದ ಕಾರ್ಖಾನೆಗೆ ಇಪ್ಪತ್ತು ನಿಮಿಷ. ನೋಡಲು ಶುಲ್ಕವಿಲ್ಲ, ಕೊನೆಯಲ್ಲಿ ಅಂಗಡಿಯಿದೆ. ಇಂಥ ನಿಲುಗಡೆಗಳನ್ನು ನಾನು ಸಾಮಾನ್ಯವಾಗಿ ಸಮಯ ನುಂಗುವ ಪಟ್ಟಿಗೆ ಸೇರಿಸುತ್ತೇನೆ. ಆ ದಿನ ಮಾತ್ರ ಅಲ್ಲಿಯೇ ಒಂದು ಸಂಭಾಷಣೆ ಹುಟ್ಟಿತು. ಇಲ್ಲಿಂದ ಹೆಚ್ಚು ದೂರವಿಲ್ಲದ ಗ್ರಾಸ್ ಪಟ್ಟಣ ಸುಗಂಧ ಉದ್ಯಮದ ತವರು. ಅಲ್ಲಿನ ಕೌಶಲವನ್ನು 2018ರಲ್ಲಿ ಯುನೆಸ್ಕೊ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಫ್ರೆಂಚ್ ಸುಗಂಧಕಾರರ ಶಬ್ದಕೋಶದಲ್ಲಿ ಶ್ರೀಗಂಧಕ್ಕೆ ಇಂದಿಗೂ ಮೈಸೂರಿನ ಹೆಸರೇ ಮಾನದಂಡ. ಯಜಮಾನರು ಗಂಧದೆಣ್ಣೆಯ ಬಗ್ಗೆ ಕೇಳಿದಾಗ, ವಿವರಿಸುತ್ತಿದ್ದ ಹುಡುಗಿ ‘ಸಾಂತಾಲ್ ದ ಮೈಸೋರ್’ ಎಂದಳು. ಈಗ ಎಣ್ಣೆ ಬಹುಪಾಲು ಆಸ್ಟ್ರೇಲಿಯಾದ ತೋಟಗಳಿಂದ ಬರುತ್ತದೆ ಎಂದೂ ಸೇರಿಸಿದಳು. ಗಂಧದೆಣ್ಣೆ ಕಾರ್ಖಾನೆಯಿದ್ದ ಊರಿನವರು ಅವರು. ವ್ಯಾನಿಗೆ ಮರಳಿದ ಮೇಲೂ ಆ ಮಾತು ಲಾ ಟುರ್ಬಿಯವರೆಗೆ ನಿಲ್ಲಲಿಲ್ಲ.

ಲಾ ಟುರ್ಬಿಯಲ್ಲಿ ಕ್ರಿಸ್ತಪೂರ್ವ 6ರ ಸುಮಾರಿಗೆ ಅಗಸ್ಟಸ್ ಚಕ್ರವರ್ತಿಯ ವಿಜಯಸ್ಮಾರಕ ನಿಂತಿತು. ಆಲ್ಪ್ಸ್ ಪರ್ವತದ 45 ಬುಡಕಟ್ಟುಗಳನ್ನು ಗೆದ್ದ ಗುರುತು. ಅದರ ಬಿಳಿಗಲ್ಲನ್ನು ಕಿತ್ತು ಹಳ್ಳಿಯ ಮನೆಗಳಿಗೆ ಹಾಕಿಕೊಂಡ ಮೇಲೂ ಇಂದು ಸುಮಾರು 35 ಮೀಟರ್ ಎತ್ತರ ಉಳಿದಿದೆ. ನಾವು ಅದರ ಆವರಣಕ್ಕೆ ಹೋಗಲಿಲ್ಲ; ಅಂಚಿನ ಕಟಕಟೆಯಿಂದ ಕೆಳಗೆ ಮೊನಾಕೊವನ್ನು ನೋಡಿ ಹೊರಟೆವು. ಕಾರಣ ಗಡಿಯಾರ. ಮೊನಾಕೊ ಅರಮನೆಯ ಮುಂದೆ ಕಾವಲು ಬದಲಾಗುವುದು 11 ಗಂಟೆ 55 ನಿಮಿಷಕ್ಕೆ, ಯಾರಿಗಾಗಿಯೂ ಅದು ಕಾಯುವುದಿಲ್ಲ.

ಮೊನಾಕೊವನ್ನು ಬೇಗ ಮುಗಿಸುತ್ತೇನೆ. ಎರಡು ಚದರ ಕಿಲೊಮೀಟರಿನ ಆ ರಾಜ್ಯದಲ್ಲಿ ಇಳಿಜಾರನ್ನು ಲಿಫ್ಟು, ಎಸ್ಕಲೇಟರುಗಳಿಂದ ಪಳಗಿಸಿಟ್ಟಿದ್ದಾರೆ; ಬಂಡೆಯೊಳಗಿನ ನಿಲುಗಡೆಯಿಂದ ಅಮ್ಮ ಸಲೀಸಾಗಿ ಮೇಲೆ ಬಂದರು. ಬಿಳಿ ಸಮವಸ್ತ್ರದ ಕಾವಲುಗಾರರು ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಸಿದರು. ಮುಂದಿನ ಸಾಲಿನವರ ಮೊಬೈಲುಗಳ ನಡುವೆ ಕಂಡಷ್ಟು ಕಂಡೆವು. ಸಸ್ಯಾಹಾರದ ಸಮಸ್ಯೆಯನ್ನು ಬಂಡೆಯ ಕೆಳಗಿನ ಕೊಂಡಮಿನ್ ಮಾರುಕಟ್ಟೆ ಪರಿಹರಿಸಿತು: ಸೊಪ್ಪು ಮತ್ತು ರಿಕೋಟ ಚೀಸ್ ತುಂಬಿ ಕರಿದ ಬಾರ್ಬಾಜುವಾನ್, ಮತ್ತೆ ನೀಸ್ ಸೀಮೆಯ ಸೊಕ್ಕಾ. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಕಲಸಿ ಅಗಲವಾದ ತಟ್ಟೆಯಲ್ಲಿ ಒಲೆಯೊಳಗೆ ಸುಡುವ ಈ ಸೊಕ್ಕಾ ಬಾಯಿಗೆ ನಮ್ಮ ಕಡಲೆಹಿಟ್ಟಿನ ದೋಸೆಯಂತೆಯೇ. 1929ರಿಂದ ಕಾರು ಪಂದ್ಯ ನಡೆಯುವ ಬೀದಿಗಳಲ್ಲಿ ಒಂದು ಸುತ್ತು ಹೊಡೆಸಿದರು. ಮೂರು ಕಿಲೊಮೀಟರು ಚಿಲ್ಲರೆಯ ಆ ಸುತ್ತನ್ನು ಪಂದ್ಯದ ಕಾರು ಒಂದೂವರೆ ನಿಮಿಷದೊಳಗೆ ಮುಗಿಸುತ್ತದೆ; ನಮ್ಮ ವ್ಯಾನು ಕೆಂಪು ದೀಪಗಳಿಗೆ ನಿಂತು ನಿಂತು ಹೋಯಿತು.

ಬಿಕ್ಕಟ್ಟು ಬಂದದ್ದು ಆಮೇಲೆ. ಪಟ್ಟಿಯ ಉಳಿದ ಮೂರು ಊರುಗಳೂ ನೀಸ್‌ನ ಪಶ್ಚಿಮಕ್ಕಿವೆ, ಮೊನಾಕೊ ಪೂರ್ವಕ್ಕೆ. ಅಂದರೆ ಹೊರಟ ಊರನ್ನೇ ಮತ್ತೆ ದಾಟಿ, ವಾರ್ ನದಿಯ ಆಚೆ ಹೋಗಬೇಕು. 1860ರಲ್ಲಿ ನೀಸ್ ಫ್ರಾನ್ಸಿಗೆ ಸೇರುವವರೆಗೆ ಆ ನದಿಯೇ ಎರಡು ರಾಜ್ಯಗಳ ಗಡಿ. ಇವತ್ತು ಅದು ಹೆದ್ದಾರಿಯ ವಾಹನಗಳು ಗಂಟು ಕಟ್ಟುವ ಜಾಗ. ಒಂದೂವರೆಗೆ ಮೊನಾಕೊ ಬಿಟ್ಟ ವ್ಯಾನು ಎ8 ಹೆದ್ದಾರಿಯಲ್ಲಿ ತೆವಳಿ ಸೇಂಟ್ ಪಾಲ್ ಮುಟ್ಟಿದಾಗ ಮೂರು ಗಂಟೆ. ನೀಸ್‌ಗೆ ಮರಳುವ ಭರವಸೆ ಐದೂವರೆಗೆ. ನಡುವೆ ಮೂರು ಊರು. ಕಾನ್‌ನಿಂದ ನೀಸ್‌ಗೆ ಬರುವ ದಾರಿಯಲ್ಲಿ ಸೋಫಿಯಾ ಆಂಟಿಪೊಲಿಸ್‌ನ ಸಾವಿರಾರು ಉದ್ಯೋಗಿಗಳು ಐದರ ಹೊತ್ತಿಗೆ ಮನೆಗೆ ಹೊರಡುತ್ತಾರೆ. ಬೆಂಗಳೂರಿನ ಹೊರವರ್ತುಲ ರಸ್ತೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚಾಲಕ ವ್ಯಾನು ನಿಲ್ಲಿಸಿ, ಎಂಜಿನ್ ಆರಿಸಿ, ಹಿಂದಕ್ಕೆ ತಿರುಗಿ ವಿಷಯವನ್ನು ನೇರವಾಗಿ ಮುಂದಿಟ್ಟ. ಮೂರೂ ಕಡೆ ಇಪ್ಪತ್ತು ಇಪ್ಪತ್ತು ನಿಮಿಷ ಇಳಿದು ಹತ್ತುವುದು ಒಂದು ದಾರಿ. ಸೇಂಟ್ ಪಾಲ್‌ನಲ್ಲಿ ಒಂದು ಗಂಟೆ, ಆಂಟೀಬ್‌ನಲ್ಲಿ ಅರ್ಧ ಗಂಟೆ ಕಳೆದು ಕಾನ್ ಬಿಡುವುದು ಇನ್ನೊಂದು. ಆರು ಮಂದಿ ಎರಡನೆಯದಕ್ಕೆ ಕೈ ಎತ್ತಿದೆವು. ಅಕ್ಕತಂಗಿಯರು ಎತ್ತಲಿಲ್ಲ. 1946ರಿಂದ ಚಲನಚಿತ್ರೋತ್ಸವ ನಡೆಯುತ್ತಿರುವ ಕಾನ್‌ನ ಮೆಟ್ಟಿಲುಗಳ ಮೇಲೆ ಫೋಟೊ ತೆಗೆಸಿಕೊಳ್ಳಬೇಕೆಂದೇ ಅವರು ಈ ಪ್ರವಾಸವನ್ನು ಆರಿಸಿದ್ದರು. ಬಹುಮತದ ಹೆಸರಿನಲ್ಲಿ ಇಬ್ಬರ ಮುಖ್ಯ ಆಸೆಯನ್ನು ಬದಿಗೆ ಸರಿಸುವುದು ನ್ಯಾಯವೇ ಎಂದು ದೊಡ್ಡವಳು ಕೇಳಿದಾಗ ವ್ಯಾನಿನಲ್ಲಿ ಉತ್ತರ ಹೇಳುವವರಿರಲಿಲ್ಲ, ಅವಳ ಪ್ರಶ್ನೆ ಸರಿಯಾಗಿಯೇ ಇತ್ತು.

ಬಗೆಹರಿಸಿದ್ದು ರೈಲು. ಸೇಂಟ್ ಪಾಲ್ ಮುಗಿದ ಮೇಲೆ ಚಾಲಕ ಅವರಿಬ್ಬರನ್ನು ಆಂಟೀಬ್ ನಿಲ್ದಾಣದ ಮುಂದೆ ಇಳಿಸಿ, ಇಬ್ಬರ ಟಿಕೆಟ್ ಹಣವನ್ನೂ ತಾನೇ ಕೊಟ್ಟ. ಅಲ್ಲಿಂದ ಕಾನ್‌ಗೆ ಕಾಲು ಗಂಟೆಯೂ ಬೇಡ. ಕಾನ್‌ನಿಂದ ನೀಸ್‌ಗೆ ಮುಕ್ಕಾಲು ಗಂಟೆಯೊಳಗೆ ಬರಬಹುದು, ಜೂನ್‌ನಲ್ಲಿ ಒಂಬತ್ತರವರೆಗೂ ಬೆಳಕಿರುತ್ತದೆ. ಅವರು ಕಾನ್‌ನಲ್ಲಿ ಎರಡು ಗಂಟೆಗೂ ಹೆಚ್ಚು ಕಾಲ ಇದ್ದರೆಂದು ಗುಂಪಿನ ವಾಟ್ಸಾಪ್‌ಗೆ ಬಂದ ಚಿತ್ರಗಳಿಂದ ತಿಳಿಯಿತು. ವ್ಯಾನಿನಲ್ಲಿ ಹೋಗಿದ್ದರೆ ಇಪ್ಪತ್ತು ನಿಮಿಷ ಸಿಗುತ್ತಿತ್ತು.

ಸೇಂಟ್ ಪಾಲ್‌ನಲ್ಲಿ ಉಳಿದ ಆ ಒಂದು ಗಂಟೆ ವ್ಯರ್ಥವಾಗಲಿಲ್ಲ. ಮೊದಲನೆಯ ಫ್ರಾನ್ಸಿಸ್ ದೊರೆ 1540ರ ದಶಕದಲ್ಲಿ ಗಡಿಕಾವಲಿಗೆ ಕಟ್ಟಿಸಿದ ಕೋಟೆಗೋಡೆ ಊರಿನ ಸುತ್ತ ಇನ್ನೂ ಇಡಿಯಾಗಿದೆ. ಏರು ಎಜ್‌ಗಿಂತ ಎಷ್ಟೋ ಸೌಮ್ಯ. ಪ್ರವೇಶದಲ್ಲಿ ಮರಗಳ ನೆರಳಿನ ಮೈದಾನದಲ್ಲಿ ಕಬ್ಬಿಣದ ಗುಂಡುಗಳ ಪೆಟಾಂಕ್ ಆಟ ನಡೆದಿತ್ತು. ಅಮ್ಮ ಅಲ್ಲಿಯೇ ಕುಳಿತು ಒಂದು ಆಟ ಮುಗಿಯುವವರೆಗೆ ನೋಡಿ, ಆಮೇಲೆ ನಿಧಾನಕ್ಕೆ ಮುಖ್ಯ ಬೀದಿಯಲ್ಲಿ ನಡೆದರು. ಜಪಾನಿನ ವಿದ್ಯಾರ್ಥಿ ಊರಿನ ಆ ತುದಿಯ ಸ್ಮಶಾನಕ್ಕೆ ಹೋಗಿ ಬಂದ. ಸುಮಾರು ಎರಡು ದಶಕ ಇಲ್ಲಿ ಬಾಳಿ 1985ರಲ್ಲಿ ತೀರಿಕೊಂಡ ಚಿತ್ರಕಾರ ಶಗಾಲ್‌ನ ಸಮಾಧಿ ಅಲ್ಲಿದೆ. ಅದರ ಚಪ್ಪಡಿಯ ಮೇಲೆ ಬಂದವರು ಇಟ್ಟುಹೋದ ಸಣ್ಣ ಕಲ್ಲುಗಳ ಸಾಲಿದೆ, ಯಹೂದಿಗಳ ಪದ್ಧತಿಯಂತೆ.

ಆಂಟೀಬ್ ಮಾತ್ರ ಪೆಚ್ಚಾಯಿತು. ಗ್ರೀಕರ ಕಾಲದ ಊರು, 1946ರಲ್ಲಿ ಪಿಕಾಸೊ ಚಿತ್ರ ಬರೆದ ಕಡಲಂಚಿನ ಕೋಟೆಮನೆ ಈಗ ಅವನ ಹೆಸರಿನ ಮ್ಯೂಸಿಯಂ. ಅರ್ಧ ಗಂಟೆಯಲ್ಲಿ ಅದರೊಳಗೆ ಕಾಲಿಡುವಂತೆಯೂ ಇಲ್ಲ. ಕರಪತ್ರದಲ್ಲಿ ಹಣ್ಣು, ಹೂವು, ಆಲಿವ್‌ಗಳ ರಾಶಿಯ ಚಿತ್ರವಿದ್ದ ಪ್ರಸಿದ್ಧ ಮಾರುಕಟ್ಟೆ ಮಧ್ಯಾಹ್ನ ಒಂದರ ಹೊತ್ತಿಗೇ ಎತ್ತಿಹೋಗುತ್ತದೆ. ನಾವು ಹೋದಾಗ ಚಾವಣಿಯ ಕೆಳಗೆ ನೆಲ ತೊಳೆದು ಒಣಗಿತ್ತು. ಇದು ಆ ದಿನದ ದುರದೃಷ್ಟವಲ್ಲ, ಯೋಜನೆಯ ದೋಷ. ಕಾವಲು ಬದಲಾವಣೆಯೂ ಬೆಳಿಗ್ಗೆಯದೇ, ಮಾರುಕಟ್ಟೆಯೂ ಬೆಳಿಗ್ಗೆಯದೇ, ಎರಡೂ ನೀಸ್‌ನ ಎರಡು ದಿಕ್ಕಿನಲ್ಲಿ. ಎರಡರ ಚಿತ್ರವನ್ನೂ ಒಂದೇ ದಿನದ ಪ್ರವಾಸದ ಪುಟದಲ್ಲಿ ಹಾಕುವವರಿಗೆ ಇದು ಗೊತ್ತಿರದೆ ಇರಲಾರದು.

ನನ್ನ ಅಭಿಪ್ರಾಯ ಇಷ್ಟು. ರೈಲು ಹೋಗದ ಕಡೆ ವ್ಯಾನಿಗೆ ಬೆಲೆಯಿದೆ; ರೈಲು ಹೋಗುವ ಕಡೆ ಅದು ನಿಲುಗಡೆ ಹುಡುಕುವ, ದಟ್ಟಣೆಯಲ್ಲಿ ಸಿಕ್ಕಿಬೀಳುವ ಒಂದು ಹೊರೆ. ಬೆಟ್ಟದ ಹಳ್ಳಿಗಳಿಗೆ ನೀಸ್‌ನಿಂದ ಬಸ್ಸುಗಳಿವೆ ನಿಜ, ಎಜ್‌ಗೆ 82ನೆಯ ಸಂಖ್ಯೆಯದು ಹೋಗುತ್ತದೆ. ಆದರೆ ಎಜ್, ಲಾ ಟುರ್ಬಿ, ಸೇಂಟ್ ಪಾಲ್ ಮೂರನ್ನೂ ಒಂದೇ ದಿನ ಬಸ್ಸಿನಲ್ಲಿ ಪೋಣಿಸುವುದು ಹಿರಿಯರ ಕೈಯಲ್ಲಾಗುವ ಕೆಲಸವಲ್ಲ. ಮೊನಾಕೊವನ್ನೂ ನಾನು ವ್ಯಾನಿನ ಪಟ್ಟಿಯಲ್ಲಿ ಉಳಿಸುತ್ತೇನೆ, ಅದು ಲಾ ಟುರ್ಬಿಯಿಂದ ಇಳಿದರೆ ಸಿಗುವ ಊರೆಂಬ ಒಂದೇ ಕಾರಣಕ್ಕೆ. ಆಂಟೀಬ್, ಕಾನ್ ಎರಡನ್ನೂ ತೆಗೆದು ಆ ಹೊತ್ತನ್ನು ಬೆಟ್ಟಕ್ಕೆ ಕೊಟ್ಟರೆ ಅಗಸ್ಟಸ್‌ನ ಸ್ಮಾರಕದ ಆವರಣಕ್ಕೂ, ಸೇಂಟ್ ಪಾಲ್‌ನ ಹೊರವಲಯದಲ್ಲಿ 1964ರಲ್ಲಿ ತೆರೆದ ಮೇಗ್ ಪ್ರತಿಷ್ಠಾನದ ಕಲಾಸಂಗ್ರಹಕ್ಕೂ ಬಿಡುವು ಸಿಗುತ್ತದೆ. ದಂಪತಿಗಳು ಮಾಡಿದ್ದೂ ಹೆಚ್ಚುಕಡಿಮೆ ಇದೇ ಹಂಚಿಕೆ: ಆ ಶನಿವಾರ ಬೆಳಿಗ್ಗೆ ಮಗನ ಜೊತೆ ಆಂಟೀಬ್ ಮಾರುಕಟ್ಟೆಗೆ ಹೋಗಿ, ಮಧ್ಯಾಹ್ನ ರೈಲು ಹತ್ತಿ ಕಾನ್ ನೋಡಿಕೊಂಡು ಬಂದರು.

ನೀಸ್ ಸೇರುವ ಮುನ್ನ ಚಾಲಕನನ್ನು ನಾನು ಕೇಳಿದೆ, ಇಷ್ಟು ಗೊತ್ತಿದ್ದೂ ಪಟ್ಟಿಯನ್ನು ಏಕೆ ಬದಲಿಸುವುದಿಲ್ಲ ಎಂದು. ಅವನ ಉತ್ತರದಲ್ಲಿ ವ್ಯಾಪಾರದ ಲೆಕ್ಕವಿತ್ತು. ಜನ ಹುಡುಕುವುದು ಮೊನಾಕೊ, ಕಾನ್ ಎಂಬ ಹೆಸರುಗಳನ್ನು. ಲಾ ಟುರ್ಬಿ ಎಂದು ಟೈಪ್ ಮಾಡಿ ಯಾರೂ ಪ್ರವಾಸ ಹುಡುಕುವುದಿಲ್ಲ. ಪಕ್ಕದ ಸಂಸ್ಥೆ ಆರು ಊರು ತೋರಿಸುತ್ತೇನೆ ಎನ್ನುವಾಗ ನಾಲ್ಕು ಎಂದು ಬರೆದ ಪುಟಕ್ಕೆ ಬುಕಿಂಗ್ ಬರುವುದಿಲ್ಲ. ಆದ್ದರಿಂದ ಕಾನ್ ಪಟ್ಟಿಯಲ್ಲಿ ಇರುತ್ತದೆ, ಬೇಸಿಗೆಯಲ್ಲಿ ಮಾತ್ರ ಅನೇಕ ದಿನ ಅದು ಸಿಗುವುದಿಲ್ಲ. ಸಿಗದ ದಿನಕ್ಕೆಂದು ರೈಲಿನ ವೇಳಾಪಟ್ಟಿಯನ್ನು ಅವನು ಬಿಸಿಲುಪರದೆಯ ಹಿಂದೆ ಸಿಕ್ಕಿಸಿಟ್ಟುಕೊಂಡಿದ್ದ.